ಹೆಗ್ಗಲ್ಲುಹಾಡಿಯ ಗಂಟೆ

ಗುರು ಎಂದರೆ ಕಣ್ಣು ಮುಚ್ಚಿ ಮುಗುಳ್ನಗುವ ಶಾಂತಮೂರ್ತಿ ಎಂದುಕೊಂಡಿದ್ದರೆ, ನಿರ್ವಾಣಯ್ಯನವರನ್ನು ನೀವು ನೋಡಿಲ್ಲ. ಅವರಿಗೆ ಸಿಟ್ಟು ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು. ಶೂಲಪಾಣಿಯಂಥ ಶಿಷ್ಯನಿದ್ದರೆ ನಿಮಗೂ ಬರುತ್ತಿತ್ತು.

ಅವರ ಆಶ್ರಮ ನದಿಯ ದಡದಲ್ಲಿ. ಹಿಂದೆ ಬೆಟ್ಟಸಾಲು. ಬೆಟ್ಟದ ಮೇಲೆ ಅಲ್ಲೊಂದು ಇಲ್ಲೊಂದು ಹಾಡಿ, ಅಂದರೆ ಇಪ್ಪತ್ತು ಮೂವತ್ತು ಗುಡಿಸಲಿನ ಊರು.

ಹಿಂದಿನ ಮಳೆಗಾಲದಲ್ಲಿ ಗುಡ್ಡ ಜರಿದು ಒಂದು ಹಾಡಿಯೇ ಮಣ್ಣಿನಡಿ ಹೋಗಿತ್ತು. ಪಕ್ಕದ ಹೆಗ್ಗಲ್ಲುಹಾಡಿಯ ಗುಡ್ಡವೂ ಬಿರುಕು ಬಿಟ್ಟಿತ್ತು. ಸೀಮೆಯ ದೊರೆಗೆ ಸಂಕಟವಾಯಿತು. ಹೆಗ್ಗಲ್ಲುಹಾಡಿಯಲ್ಲಿ ದೊಡ್ಡದೊಂದು ಗಂಟೆ ಕಟ್ಟಿಸಿ, ಬಯಲುಸೀಮೆಯಿಂದ ಒಬ್ಬ ಕಾವಲುಗಾರನನ್ನು ತಂದಿಟ್ಟ. ಮಣ್ಣು ಕದಲಿದರೆ ಅವನು ಗಂಟೆ ಹೊಡೆಯಬೇಕು. ಜನ ಎದುರಿನ ಹೆಬ್ಬಂಡೆ ಹತ್ತಿ ಜೀವ ಉಳಿಸಿಕೊಳ್ಳಬೇಕು.

ದೊರೆ ಗುರುಗಳಿಗೆ ಹೇಳಿಕಳಿಸಿದ. "ಗಂಟೆಯಿಂದ ಜನ ಉಳಿಯುತ್ತಾರೋ ಇಲ್ಲವೋ ನೋಡಿ ಹೇಳಿ. ಸರಿಯಿದೆ ಎಂದರೆ ಮಳೆಗೆ ಮೊದಲು ಉಳಿದ ನಲವತ್ತು ಹಾಡಿಗೂ ಇಂಥದ್ದೇ ಕಟ್ಟಿಸುತ್ತೇನೆ."

ಗುರುಗಳಿಗೆ ಮಂಡಿನೋವು. ಶೂಲಪಾಣಿಯನ್ನು ಕಳಿಸಿದರು.

ನಾಲ್ಕು ದಿನಕ್ಕೆ ಶೂಲಪಾಣಿ ಓಲೆಗರಿಯ ಕಟ್ಟು ಹಿಡಿದು ಬಂದ. ಮುಖ ಊರಗಲ.

"ಗಂಟೆ ಪಂಚಲೋಹದ್ದು, ಗುರುಗಳೇ. ಕಂಬ ತೇಗದ್ದು. ಎತ್ತರ ಎರಡಾಳು. ಹಗ್ಗ ಹೊಸದು. ಸುತ್ತ ಕಲ್ಲಿನ ಕಟ್ಟೆ, ಕಟ್ಟೆಗೆ ಒಂಬತ್ತು ಮೆಟ್ಟಿಲು."

"ಹ್ಞೂಂ. ಆಮೇಲೆ?"

"ಆಮೇಲೆ... ಅಷ್ಟೇ. ಎಲ್ಲ ಸರಿಯಾಗಿದೆ."

"ನಾನೇನು ಗಂಟೆಯ ಜಾತಕ ತರಲು ಕಳಿಸಿದ್ದೆನೇ? ಜನ ಉಳಿಯುತ್ತಾರಾ ಎಂದು ನೋಡಿಕೊಂಡು ಬಾ ಅಂದರೆ ಮೆಟ್ಟಿಲು ಎಣಿಸಿಕೊಂಡು ಬಂದಿದ್ದೀಯಲ್ಲೋ! ಜನರನ್ನು ಮಾತಾಡಿಸಿದೆಯಾ?"

ಶೂಲಪಾಣಿ ತಲೆ ಕೆರೆದುಕೊಂಡ.

"ಹೋಗು."

ಹೋದ. ಮತ್ತೆ ನಾಲ್ಕು ದಿನ. ಈ ಸಲ ಓಲೆಕಟ್ಟು ಇನ್ನೂ ದಪ್ಪ.

"ಇಪ್ಪತ್ತೆಂಟು ಮನೆಗೂ ಹೋದೆ, ಗುರುಗಳೇ. ಗಂಟೆ ಹೇಗಿದೆ ಎಂದು ಕೇಳಿದೆ. ಇಪ್ಪತ್ತೆಂಟು ಮನೆಯವರೂ ಚೆನ್ನಾಗಿದೆ ಅಂದರು. ಒಬ್ಬರೂ ಬೇರೆ ಮಾತಾಡಲಿಲ್ಲ. ಜೇನುತುಪ್ಪ ಕೊಟ್ಟು ಕಳಿಸಿದ್ದಾರೆ, ತಗೊಳ್ಳಿ."

"ನಿನ್ನ ಜೊತೆ ಯಾರಿದ್ದರು?"

"ಕಾವಲುಗಾರ. ಪಾಪ, ಒಳ್ಳೆಯ ಮನುಷ್ಯ. ಮನೆಮನೆ ತೋರಿಸಿದ."

ನಿರ್ವಾಣಯ್ಯನವರು ಹಣೆ ಹಣೆ ಚಚ್ಚಿಕೊಂಡರು.

"ಅಯ್ಯೋ ಪುಣ್ಯಾತ್ಮ! ದೊರೆ ಕಟ್ಟಿಸಿದ್ದನ್ನು ದೊರೆಯ ಆಳಿನ ಎದುರಿಗೇ ಚೆನ್ನಾಗಿಲ್ಲ ಅನ್ನುವ ಗಂಡೆದೆ ಯಾರಿಗಿದೆ? ಹೋಗಲಿ, ಕೇಳಿದ್ದಾದರೂ ಏನು? ಗಂಟೆ ಹೇಗಿದೆ ಅಂತ! ಅದೇನು ಮದುವೆ ಹೆಣ್ಣೇ? ಗಂಟೆ ಹೊಡೆದರೆ ಏನು ಮಾಡುತ್ತೀರಿ ಎಂದು ಕೇಳು. ಒಬ್ಬನೇ ಹೋಗಿ ಕೇಳು."

"ಮತ್ತೆ ಹತ್ತಬೇಕೇ, ಗುರುಗಳೇ? ಪಾದ ನೋಡಿ, ಬೊಬ್ಬೆ ಎದ್ದಿದೆ."

"ಆ ಗುಡ್ಡ ನಿನ್ನ ಪಾದ ನೋಡಿಕೊಂಡು ಕೂರುತ್ತದೇನೋ? ನಡಿ!"

ಶೂಲಪಾಣಿಯೂ ಒಳಗೊಳಗೇ ಗೊಣಗುತ್ತ ಹೋದ. ಅವನ ತಪ್ಪೂ ಅಲ್ಲ ಅನ್ನಿ. ವ್ಯಾಕರಣ ಓದಿದ್ದ, ತರ್ಕ ಓದಿದ್ದ. ಅವನ ಅಕ್ಷರ ಮುತ್ತು ಪೋಣಿಸಿದಂತೆ. ದೊರೆ ತನ್ನ ಓಲೆ ಓದಿ ತಲೆದೂಗುವುದನ್ನು ನೆನೆದುಕೊಂಡೇ ಅರ್ಧ ಬೆಟ್ಟ ಹತ್ತಿಬಿಡುತ್ತಿದ್ದ.

ಮೂರನೆಯ ಸಲ ಬಂದಾಗ ನಗುತ್ತಲೇ ಬಂದ.

"ಈ ಸಲ ನೀವು ಒಂದು ಮಾತು ಆಡುವ ಹಾಗಿಲ್ಲ. ಒಬ್ಬನೇ ಹೋದೆ. ಗಂಟೆ ಹೊಡೆದರೆ ಏನು ಮಾಡುತ್ತೀರಿ ಎಂದೇ ಕೇಳಿದೆ. ಎಲ್ಲರದೂ ಒಂದೇ ಉತ್ತರ. ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತೇವೆ, ಮುದುಕರು ಮಕ್ಕಳು ಯಾರನ್ನೂ ಮನೆಯಲ್ಲಿ ಬಿಡುವುದಿಲ್ಲ ಅಂದರು. ಬರೆದುಕೊಂಡೆ. ಗಂಟೆಯಿಂದ ಪ್ರಯೋಜನ ಉಂಟು ಎಂದು ಕೊನೆಯ ಸಾಲನ್ನೂ ಬರೆದು ಮುಗಿಸಿದೆ. ದೊರೆಗೆ ಒಪ್ಪಿಸುವುದೊಂದೇ ಬಾಕಿ."

"ಎಲ್ಲಿಗೆ ಓಡುತ್ತಾರೆ?"

"ಅಂದರೆ?"

"ಓಡುತ್ತಾರಲ್ಲ, ಎಲ್ಲಿಗೆ?"

"ಬಂಡೆಗೆ, ಗುರುಗಳೇ! ಇನ್ನೆಲ್ಲಿಗೆ?"

"ಅವರು ಹೇಳಿದರಾ?"

"ಅದನ್ನು ಬೇರೆ ಹೇಳಬೇಕೇ? ಗೊತ್ತಿರುವ ವಿಷಯ."

"ಯಾರಿಗೆ ಗೊತ್ತಿರುವ ವಿಷಯ?"

ಶೂಲಪಾಣಿ ಓಲೆಗಳನ್ನು ತಿರುವಿಹಾಕತೊಡಗಿದ.

ನಿರ್ವಾಣಯ್ಯನವರು ಬಹಳ ಹೊತ್ತು ನದಿಯನ್ನೇ ನೋಡಿದರು. ಇವನನ್ನು ಆ ನೀರಿಗೇ ಎತ್ತಿ ಎಸೆದರೆ ಹೇಗೆ ಎಂದು ಯೋಚಿಸುತ್ತಿದ್ದರೋ ಏನೋ, ಶಿವನೇ ಬಲ್ಲ. ಕೊನೆಗೆ ಮಂಡಿ ಹಿಡಿದುಕೊಂಡು ಎದ್ದರು.

"ನನ್ನ ಕೋಲು ತಾ. ಓಲೆಯೂ ಜೊತೆಗಿರಲಿ."

ಒಂದೂವರೆ ದಿನದ ಏರು. ಹತ್ತು ಹೆಜ್ಜೆಗೊಮ್ಮೆ ಗುರುಗಳು ನಿಲ್ಲುವರು, ಬೈಯುವರು, ಮತ್ತೆ ನಡೆಯುವರು. ಬೆಟ್ಟಕ್ಕೆ ಬೈದರೋ ಶಿಷ್ಯನಿಗೆ ಬೈದರೋ ತಿಳಿಯುತ್ತಿರಲಿಲ್ಲ. ಪಡುವಣದಲ್ಲಿ ಆಗಲೇ ಮೋಡ ಕಟ್ಟುತ್ತಿತ್ತು.

ಹೆಗ್ಗಲ್ಲುಹಾಡಿ ಮುಟ್ಟಿದಾಗ ಬೆಳಗಿನ ಗಂಜಿಯ ಹೊತ್ತು. ಗಂಟೆ ಇದ್ದದ್ದು ಬಿರುಕು ಬಿಟ್ಟ ಗುಡ್ಡದ ಬುಡದಲ್ಲಿ. ಅಲ್ಲೊಂದೇ ಮಟ್ಟಸ ಜಾಗ ಇದ್ದದ್ದು, ಕಟ್ಟೆ ಕಟ್ಟಲು ಅನುಕೂಲ. ಕಾವಲುಗಾರ ಕೈಮುಗಿದು ಎದ್ದು ನಿಂತ.

"ಹೊಡೆ," ಎಂದರು ಗುರುಗಳು.

"ಸುಮ್ಮಸುಮ್ಮನೆ ಹೊಡೆಯುವಂತಿಲ್ಲ, ಸ್ವಾಮಿ. ದೊರೆಯ ಅಪ್ಪಣೆ."

"ಇವತ್ತಿನವರೆಗೆ ಒಂದು ಸಲವಾದರೂ ಹೊಡೆದಿದ್ದೀಯಾ?"

"ಎಲ್ಲಾದರೂ ಉಂಟೇ? ದಿನಾ ಒರೆಸಿ ಇಡುತ್ತೇನೆ."

ಗುರುಗಳು ಅವನನ್ನು ಪಕ್ಕಕ್ಕೆ ಸರಿಸಿ ತಾವೇ ಹಗ್ಗ ಜಗ್ಗಿದರು. ಬೆಟ್ಟವೆಲ್ಲ ಝೇಂಕರಿಸಿತು.

ಗುಡಿಸಲುಗಳಿಂದ ಜನ ಹೊರಬಿದ್ದರು. ಶೂಲಪಾಣಿ ಹಿಗ್ಗಿದ. "ನೋಡಿದಿರಾ? ಓಡುತ್ತಿದ್ದಾರೆ!"

ಓಡುತ್ತಿದ್ದರು, ನಿಜ. ಆದರೆ ಹೆಬ್ಬಂಡೆಯ ಕಡೆ ಒಬ್ಬರೂ ತಿರುಗಲಿಲ್ಲ. ಎಲ್ಲರೂ ಗಂಟೆಯ ಕಡೆಗೇ ಬರುತ್ತಿದ್ದರು. ಗಂಡಸರು, ಹೆಂಗಸರು, ಸೊಂಟದ ಮೇಲೆ ಕೂಸು. ಮನೆಗೊಬ್ಬರ ಹೆಗಲ ಮೇಲೆ ಒಂದೊಂದು ಕಟ್ಟಿಗೆಯ ಕೊರಡು.

ಎಲ್ಲರಿಗಿಂತ ಮುಂದೆ ಹಾಡಿಯ ಹಿರಿಯಳು ಕೇತಮ್ಮ. ಏದುಸಿರು ಬಿಡುತ್ತ ಕೇಳಿದಳು, "ಯಾರು ಹೋದರು, ಸಾಮಿ?"

"ಯಾರೂ ಹೋಗಿಲ್ಲ!" ಎಂದ ಶೂಲಪಾಣಿ. "ಇದು ಸಾವಿನ ಗಂಟೆಯಲ್ಲ, ಅಜ್ಜಿ. ಇದನ್ನು ಹೊಡೆದರೆ ನೀವು ಬಂಡೆ ಹತ್ತಬೇಕು. ನಿಮಗೆ ಯಾರೂ ಹೇಳಲಿಲ್ಲವೇ?"

"ಹೇಳಿದರು ಬುದ್ಧಿ, ಹೇಳದೆ ಏನು. ಆದರೆ ನಮ್ಮಲ್ಲಿ ಗಂಟೆ ಬಾರಿಸೋದು ಹೆಣ ಬಿದ್ದರೆ ಮಾತ್ರ. ಮೊದಲು ಅಂಗೈಯಗಲದ್ದು ಒಂದಿತ್ತು. ದೊರೆ ಇಷ್ಟು ದೊಡ್ಡದು ಕೊಟ್ಟರು, ನಮ್ಮ ಸತ್ತವರಿಗೂ ಮರ್ಯಾದೆ ಬಂತು ಅಂದುಕೊಂಡ್ವಿ."

"ಆದರೆ ಬಂಡೆ..."

"ಗಂಟೆ ಕೇಳಿಸಿದ ಮೇಲೆ ಚಿತೆಗೆ ಅಂತ ಮನೆಗೊಂದು ಕೊರಡು ಹೊತ್ತು ಗಂಟೆ ಹತ್ತಿರ ಬರಬೇಕು. ಒಬ್ಬರೂ ಮನೆಯಲ್ಲಿ ಕೂರೋ ಹಾಗಿಲ್ಲ. ಇಲ್ಲಿ ಯಾರೋ ಸತ್ತು ಬಿದ್ದಿರ್ತಾರೆ, ನಾವು ಬೆನ್ನು ಹಾಕಿ ಬಂಡೆ ಹತ್ತೋದಾ? ಮನುಷ್ಯರು ಅನ್ನಿಸಿಕೊಳ್ಳಬೇಕಲ್ಲ, ಬುದ್ಧಿ!"

ಶೂಲಪಾಣಿ ಸುತ್ತ ನೋಡಿದ. ಇಪ್ಪತ್ತೆಂಟು ಮನೆಯ ಅಷ್ಟೂ ಜನ ಬಿರುಕು ಬಿಟ್ಟ ಗುಡ್ಡದ ಬುಡದಲ್ಲಿ ಒತ್ತಾಗಿ ನಿಂತಿದ್ದರು. ನಲವತ್ತು ಹಾಡಿ ನೆನಪಾಗಿ ಹೆದರಿಕೆಯಾಯಿತು.

"ಮೂರು ಸಲ ಬಂದೆನಲ್ಲ, ಅಜ್ಜಿ," ಎಂದ. "ಒಂದು ಸಲವಾದರೂ ಹೇಳಬಾರದಿತ್ತೇ?"

"ನೀವು ಬರೀತಾ ಇದ್ರಿ ಬುದ್ಧಿ. ಓದಿದವರು ಬರೀವಾಗ ನಡುವೆ ಬಾಯಿ ಹಾಕೋದು ಹೇಗೆ?"

ಕೇತಮ್ಮನಿಗೆ ಅವನನ್ನು ನೋಡುತ್ತ ನಿಲ್ಲಲು ಪುರುಸೊತ್ತಿರಲಿಲ್ಲ. ಕೊರಡಿನ ಭಾರಕ್ಕೆ ಹೆಗಲು ನೋಯುತ್ತಿತ್ತು. ಗುರುಗಳ ಕಡೆ ತಿರುಗಿದಳು.

"ಅದಿರಲಿ ಸಾಮಿ, ನೀವಾದರೂ ಹೇಳಿ. ಸತ್ತವರು ಯಾರು?"

ನಿರ್ವಾಣಯ್ಯನವರು ಶಿಷ್ಯನ ಕಂಕುಳಲ್ಲಿದ್ದ ಓಲೆಕಟ್ಟಿನ ಕಡೆ ಕೋಲು ತೋರಿಸಿದರು.

"ಇನ್ನೂ ಯಾರೂ ಇಲ್ಲ, ತಾಯಿ. ಇವನ ಓಲೆ ದೊರೆಗೆ ಮುಟ್ಟಿಲ್ಲ."