ಅರಸನ ಅಂಗಾಲು ಸುಟ್ಟ ಮಧ್ಯಾಹ್ನ

“ಕೇಳಿರಪ್ಪೋ ಕೇಳಿ. ಶಂಖಪಟ್ಟಣದ ಮಾದರಸರ ಅಪ್ಪಣೆ. ಅರಸುಕುವರಿ ಪದ್ಮಲೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ ಮಾಡಲಾಗುವುದು; ಅದು ಬೇಡವೆಂದರೆ ಬೇಡಿದ ಇನ್ನೊಂದನ್ನು ಕೊಡಲಾಗುವುದು. ತಪ್ಪಿದವನ ತಲೆ ಶುಕ್ರವಾರ ಸಂಜೆ ಹಾರುವುದು.”

ಡಂಗುರದವನು ಊರೆಲ್ಲ ಹೀಗೆ ಸಾರಿದ. ಶುಕ್ರವಾರವೇ ಏಕೆಂದರೆ, ಅವತ್ತು ಹೇಗೂ ಒಂದು ತಲೆ ಹಾರುವುದಿತ್ತು. ಅದು ಅರಮನೆಯ ದೋಣಿ ನಡೆಸುವ ನಾಗುವಿನದು. ಪಾಪ, ಅವನು ಮಾಡಿದ ತಪ್ಪು ಇಷ್ಟೇ. ಅರಸನ ಹೊಸ ಹಾಯಿದೋಣಿ ಕಡಲಿಗಿಳಿಯಲು ಜೋಯಿಸರು ನಡುಹಗಲಿನ ಮುಹೂರ್ತ ಇಟ್ಟಿದ್ದರು. ಆ ಹೊತ್ತಿಗೆ ಗಾಳಿ ಕಡಲಿಂದ ದಡಕ್ಕೆ ಬೀಸುತ್ತದೆ, ಹಾಯಿ ಬಿಚ್ಚಿದರೆ ದೋಣಿ ಬಂಡೆಗೇ ಬಡಿಯುತ್ತದೆ, ನಸುಕಿಗೆ ಹೊರಡೋಣ ಎಂದು ನಾಗು ಕೈಮುಗಿದು ಹೇಳಿದ. ಅರಸ ಕೇಳಬೇಕಲ್ಲ. ಬೇರೊಬ್ಬನನ್ನು ಚುಕ್ಕಾಣಿಗೆ ಕೂರಿಸಿಕೊಂಡು ಹೊರಟ. ದೋಣಿ ಬಂಡೆಗೆ ಬಡಿದು ಒಡೆಯಿತು, ಕಿರೀಟ ನೀರುಪಾಲಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಇದಕ್ಕೆಲ್ಲ ನಾಗುವಿನ ಅಪಶಕುನದ ಬಾಯಿಯೇ ಕಾರಣವೆಂದು ಅರಸ ಅವನನ್ನು ಸೆರೆಗೆ ಹಾಕಿಸಿದ.

ಪದ್ಮಲೆಗೆ ನಿಜ ಗೊತ್ತಿತ್ತು. ಉಪ್ಪರಿಗೆಯಲ್ಲಿ ಕೂತು ದಿನವೂ ಹಾಯಿಗಳನ್ನು ನೋಡಿದವಳು ಅವಳು. ಆದರೆ ಮಗಳ ಮಾತನ್ನು ಅಪ್ಪ ಎಂದಾದರೂ ಕಿವಿಗೆ ಹಾಕಿಕೊಂಡಿದ್ದುಂಟೇ? ಊರೆದುರು ಇನ್ನೊಬ್ಬರು ಹೇಳಿದರೆ ಒಪ್ಪಿಯಾನು ಎಂದು ಅವಳು ಆ ನಿಜವನ್ನೇ ಮೂರು ಒಗಟಿನಲ್ಲಿ ಅಡಗಿಸಿ ಮದುವೆಯ ನೆವ ಹೂಡಿದಳು. ಬಂದ ಗಂಡುಗಳನ್ನೆಲ್ಲ ಅವಳು ತಿರುಗಿ ಕಳಿಸಿ ಕಳಿಸಿ ಅರಸ ರೋಸಿಹೋಗಿದ್ದ. ಆಗಲಿ ಎಂದ. ತಲೆ ತೆಗೆಯುವ ಷರತ್ತನ್ನು ಮಾತ್ರ ತಾನೇ ಸೇರಿಸಿದ.

ಮೊದಲು ಬಂದವನು ಘಟ್ಟದ ಮೇಲಿನ ಪಾಳೆಯಗಾರನ ಮಗ. ಪದ್ಮಲೆ ಕೇಳಿದಳು: “ನಸುಕಿನಲ್ಲಿ ಊರಿನಿಂದ ಕಡಲಿಗೆ ಹೋಗುತ್ತಾನೆ, ನಡುಹಗಲಲ್ಲಿ ಕಡಲಿನಿಂದ ಊರಿಗೆ ಬರುತ್ತಾನೆ. ಎಲ್ಲರ ಕದ ತಟ್ಟುತ್ತಾನೆ, ಯಾರಿಗೂ ಮುಖ ತೋರಿಸುವುದಿಲ್ಲ. ಯಾರವನು?” ಮೀನುಗಾರ ಎಂದ ಅವನು. ಮುಖ ಮುಚ್ಚಿಕೊಂಡು ಬಂದವನ ಹತ್ತಿರ ಮೀನು ಕೊಳ್ಳುವವರು ಯಾರಪ್ಪಾ? ಅವನನ್ನು ಸೆರೆಮನೆಗೆ ನಡೆಸಿದರು.

ಎರಡನೆಯವನು ಪಂಡಿತ. ಗಾಳಿ ಎಂದು ಸರಿಯಾಗಿಯೇ ಹೇಳಿದ. ಆಗ ಎರಡನೆಯ ಒಗಟು ಬಂತು: “ಬಡಿಸುವವನು ಒಬ್ಬ. ಅಕ್ಕತಂಗಿಯರಿಬ್ಬರಿಗೂ ಸರಿಸಮ ಬಡಿಸುತ್ತಾನೆ. ಒಬ್ಬಳ ಮೈ ಬೇಗ ಕಾದು ಬೇಗ ಆರುತ್ತದೆ. ಇನ್ನೊಬ್ಬಳದು ಕಾಯುವುದೂ ತಡ, ಆರುವುದೂ ತಡ. ಯಾರವರು?” ಪಂಡಿತ ನಾಲ್ಕು ಶ್ಲೋಕ ಹೇಳಿ, ಬಡಿಸುವವನು ಬ್ರಹ್ಮ, ಅಕ್ಕತಂಗಿಯರು ಕೋಪ ಮತ್ತು ತಾಳ್ಮೆ ಎಂದ. ಕೇಳಲೇನೋ ಚೆನ್ನಾಗಿತ್ತು. ಅವನೂ ಸೆರೆಮನೆಗೆ ಹೋದ.

ಆಮೇಲೆ ಯಾರೂ ಅತ್ತ ಸುಳಿಯಲಿಲ್ಲ. ಶುಕ್ರವಾರ ಹೊತ್ತೇರಿತು, ಪದ್ಮಲೆಗೆ ಊಟ ಸೇರಲಿಲ್ಲ. ಆಗ ಬಂದವನು ಬೀರ, ನಾಗುವಿನ ತಮ್ಮ, ಉಪ್ಪಿನ ಆಗರದಲ್ಲಿ ಉಪ್ಪು ಎಳೆಯುವ ಆಳು. ಒಬ್ಬ ಮಗ ಹೋಗುತ್ತಿದ್ದಾನೆ, ನಿನ್ನನ್ನೂ ಕಳಕೊಳ್ಳಲಾರೆ ಎಂದು ತಾಯಿ ಇಷ್ಟು ದಿನ ಅವನ ಕೈ ಬಿಟ್ಟಿರಲಿಲ್ಲ. ಮೊಣಕಾಲವರೆಗೆ ಉಪ್ಪು ಹತ್ತಿದ ಆ ಕಾಲು ನೋಡಿ ಅರಸನಿಗೆ ನಗು ಬಂತು. ಅರಸುಕುವರಿಯನ್ನು ಬಯಸುವ ಮುಖವೇ ಇದು ಎಂದು ಕೇಳಿದ.

“ಕುವರಿ ಬೇಡ ಒಡೆಯಾ, ನನ್ನ ಅಣ್ಣ ಬೇಕು,” ಎಂದ ಬೀರ.

ಮೊದಲನೆಯದಕ್ಕೆ ಗಾಳಿ ಎಂದ. ಎರಡನೆಯದಕ್ಕೆ, ಬಡಿಸುವವನು ಸೂರ್ಯ, ಅಕ್ಕತಂಗಿಯರು ನೆಲ ಮತ್ತು ಕಡಲು ಎಂದ. ಅರಸ ಒಪ್ಪಲಿಲ್ಲ. ಬಿಸಿಲು ಒಂದೇ ಆದಮೇಲೆ ಬಿಸಿಯೂ ಒಂದೇ ಎಂದು ಹಟ ಹಿಡಿದ. ಹಾಗಾದರೆ ಪಾದುಕೆ ಕಳಚಿ ದಡಕ್ಕೆ ಬನ್ನಿ ಎಂದ ಬೀರ. ಹುಟ್ಟಿದಾಗಿನಿಂದ ಅರಸ ಮರಳಿನ ಮೇಲೆ ಬರಿಗಾಲಿಟ್ಟವನಲ್ಲ. ಮಂತ್ರಿಗಳು ಕೂಡದೆಂದರು, ಅಪ್ಪಾ ಹೆದರಿದಿರಾ ಎಂದು ಮಗಳು ಕೇಳಿದಳು. ಅಷ್ಟು ಸಾಕಾಯಿತು.

ನೆತ್ತಿಯ ಮೇಲೆ ಸೂರ್ಯ. ಮರಳಿನಲ್ಲಿ ನಾಲ್ಕು ಹೆಜ್ಜೆ ಅರಸ ಗಂಭೀರವಾಗಿಯೇ ಇಟ್ಟ. ಐದನೆಯದಕ್ಕೆ ಪಂಚೆ ಎತ್ತಿ ಕುಪ್ಪಳಿಸಿಕೊಂಡು ಓಡಿ ನೀರಿಗಿಳಿದ. ಊರವರು ನಗು ನುಂಗಿಕೊಂಡರು. ನೀರು ತಂಪಾಗಿತ್ತು, ಅದನ್ನು ಅರಸನ ಮುಖವೇ ಹೇಳಿತು.

ಪದ್ಮಲೆ ದಡದಿಂದಲೇ ಮೂರನೆಯದನ್ನು ಕೇಳಿದಳು: “ಕೈಯಿಲ್ಲ, ಹಗ್ಗವಿಲ್ಲ. ತಾನು ಎದ್ದು ಮೇಲೆ ಹೋಗುತ್ತಾನೆ, ತೆರವಾದ ಜಾಗಕ್ಕೆ ನೆರೆಯವನನ್ನು ಎಳೆದು ತರುತ್ತಾನೆ. ಯಾರವನು?”

ಬೀರ ಬಗ್ಗಿ ಕಾದ ಮರಳಿನ ಮೇಲೆ ಅಂಗೈ ಹಿಡಿದು ನೋಡಿದ.

“ಬಿಸಿಯಾದ ಗಾಳಿ, ತಾಯೀ. ಉರಿಯುವ ಒಲೆಯ ಬಾಯಿಗೆ ಕೈ ಹಿಡಿದರೆ ತಂಪು ಗಾಳಿ ಒಳಗೆ ನುಗ್ಗುವುದು ತಿಳಿಯುತ್ತದೆ. ಒಳಗಿನದು ಕಾದು ಹಗುರಾಗಿ ಮೇಲೆ ಹೋಯಿತು, ಜಾಗ ಖಾಲಿಯಾಯಿತು, ಹೊರಗಿನದು ಬಂತು. ಹಗಲು ಈ ನೆಲವೇ ಒಲೆ. ಅದಕ್ಕೇ ಕಡಲ ಗಾಳಿ ಇತ್ತ ಬರುತ್ತದೆ.”

ಹಾಗಾದರೆ ನಸುಕಿನಲ್ಲಿ ಅದನ್ನು ಅತ್ತ ತಿರುಗಿಸುವವರು ಯಾರು ಎಂದು ಅರಸ ನೀರಿನಲ್ಲಿ ನಿಂತೇ ಕೇಳಿದ.

“ರಾತ್ರಿ ನೆಲ ಬೇಗ ಆರುತ್ತದೆ, ಕಡಲು ಆರುವುದಿಲ್ಲ ಒಡೆಯಾ. ನಸುಕಿಗೆ ಆಗರಕ್ಕೆ ಹೋಗುವಾಗ ನಮ್ಮ ಕಾಲು ಕೆಸರಿನ ಚಳಿಗೆ ಜೋಮು ಹಿಡಿಯುತ್ತದೆ, ಕಡಲಿಗಿಟ್ಟರೆ ಬೆಚ್ಚಗಾಗುತ್ತದೆ. ಆಗ ಒಲೆ ಕಡಲಿನಲ್ಲಿದೆ, ನೆಲದ ಗಾಳಿ ಅತ್ತ ಹೋಗುತ್ತದೆ, ಹಾಯಿಯೂ ಅದರ ಜೊತೆ ಹೋಗುತ್ತದೆ. ನನ್ನ ಅಣ್ಣ ಶಾಪ ಹಾಕಲಿಲ್ಲ. ಗೊತ್ತಿದ್ದದ್ದನ್ನು ಹೇಳಿದ.”

ಅರಸ ನೀರಿನಲ್ಲೇ ನಿಂತು ಸುಟ್ಟ ಅಂಗಾಲನ್ನು ಉಜ್ಜಿಕೊಂಡ. ಮೊದಲನೆಯ ಒಗಟಿಗೆ ತನಗೂ ಮೀನುಗಾರ ಎಂದೇ ಹೊಳೆದಿತ್ತು ಎಂದು ಕೊನೆಗೆ ಒಪ್ಪಿಕೊಂಡ. ತಲೆ ತೆಗೆಯುವುದಾದರೆ ತನ್ನದರಿಂದಲೇ ಶುರುವಾಗಬೇಕಲ್ಲ. ನಾಗುವಿನ ಜೊತೆ ಉಳಿದಿಬ್ಬರನ್ನೂ ಬಿಡಿಸಲು ಹೇಳಿದ. ಬೀರನಿಗೆ ಆಗರವನ್ನೇ ಉಂಬಳಿ ಕೊಟ್ಟ.

ಸೆರೆಮನೆಗೆ ಆಳು ಓಡಿದ್ದಾಗ ಪದ್ಮಲೆ ಬೀರನ ಹತ್ತಿರ ಬಂದು, ನನ್ನನ್ನೇಕೆ ಕೇಳಲಿಲ್ಲ ಎಂದಳು. ನಿಮ್ಮನ್ನು ಬೇಕೆನ್ನುವವನು ನಿಮ್ಮನ್ನು ಕೇಳಬೇಕಲ್ಲವೇ, ಡಂಗುರದವನನ್ನಲ್ಲ ಎಂದ ಬೀರ. ಮರುವರ್ಷ ಅವಳೇ ಹೇಳಿಕಳಿಸಿ ಅವನನ್ನು ಮದುವೆಯಾದಳು.

ಅದು ಆಮೇಲಿನ ಮಾತು; ಅವತ್ತು ಅವರಿಬ್ಬರೂ ಮಾತಾಡುತ್ತಿರುವಾಗಲೇ ಸೆರೆಮನೆಯಿಂದ ನಾಗು ಬಂದ. ಬಿಸಿಲಿಗೆ ಕಣ್ಣು ಬಿಡಲಾರದೆ ಮರಳಿನ ಮೇಲೆ ತಡವರಿಸುತ್ತ ಬಂದವನು, ನಡೆದದ್ದನ್ನು ಕೇಳಿ ತಮ್ಮನ ಕೆನ್ನೆಗೆ ಒಂದು ಬಾರಿಸಿದ.

“ಒಂದು ತಲೆ ಹೋಗುವಲ್ಲಿ ಎರಡು ಪಣಕ್ಕಿಟ್ಟೆಯಲ್ಲೋ. ಅಮ್ಮನಿಗೆ ಯಾರು ಉಳಿಯುತ್ತಿದ್ದರು?”

ಹೊಡೆದ ಕೈಯಿಂದಲೇ ತಮ್ಮನನ್ನು ತಬ್ಬಿಕೊಂಡು, ಅರಸನೆದುರು, ಊರೆದುರು, ನಾಗು ಗೊಳೋ ಎಂದು ಅತ್ತುಬಿಟ್ಟ.