ಮೆರವಣಿಗೆಗೆ ಬಗ್ಗದ ಕಾರು

ಡಾಕ್ಟ್ರಮ್ಮನ ಹಳೇ ವಿದೇಶಿ ಕಾರಿನ ಚಾವಣಿ ಮಡಚಿದರೆ ಊರೆಲ್ಲ ತಿರುಗಿ ನೋಡುತ್ತಿತ್ತು. ಸಿಗದ ಬಿಡಿಭಾಗಗಳನ್ನು ಲೇತ್ ಅಂಗಡಿಯಲ್ಲಿ ಮಾಡಿಸಿ, ಡ್ರೈವರ್ ಅದನ್ನು ಜೋಪಾನ ಮಾಡಿದ್ದ.

ಚುನಾವಣೆ ಗೆದ್ದ ರುದ್ರಮುನಿಯಪ್ಪ ಬಂದು ಗದರಿದ: "ನಾಳೆ ನನ್ನ ಮೆರವಣಿಗೆಗೆ ಈ ಕಾರೇ ಬೇಕು!"

ದಿನವಿಡೀ ತೆವಳಿಸಿದರೆ ಎಂಜಿನ್ ಕಾದು ಕೆಡುತ್ತದೆ. ಕಾರು ಕೊಡುವುದಿಲ್ಲವೆಂದರೆ ಡಾಕ್ಟ್ರಮ್ಮನಿಗೆ ಕಿರುಕುಳ ತಪ್ಪಿದ್ದಲ್ಲ.

"ಆಗಲಿ ಸ್ವಾಮಿ. ಈಗಲೇ ಒಂದು ಸುತ್ತು ಹೋಗಿಬರೋಣ," ಎಂದ ಡ್ರೈವರ್.

ಚಾವಣಿ ಮಡಚಿದ ಕಾರು ಚಿಮ್ಮಿತು. ರುದ್ರಮುನಿಯಪ್ಪನ ಪೇಟ ಚರಂಡಿಗೆ ಹಾರಿತು.

"ನಿಧಾನ ಕಣಯ್ಯಾ! ಜನ ನನ್ನ ನೋಡೋದು ಬೇಡ್ವಾ?"

"ನಿಧಾನ ಇದಕ್ಕೆ ಒಗ್ಗಲ್ಲ ಸ್ವಾಮಿ. ಒಗ್ಗಿದ್ರೂ ಜನ ನೋಡೋದು ಕಾರನ್ನೇ. ಇಷ್ಟು ವರ್ಷ ಓಡಿಸಿದೀನಿ, ನನ್ನ ಮುಖ ಯಾರಿಗೂ ನೆನಪಿಲ್ಲ."

ಮರುದಿನ ರುದ್ರಮುನಿಯಪ್ಪ ಟ್ರ್ಯಾಕ್ಟರ್ ಏರಿ ಕೈಮುಗಿಯುತ್ತ ಬಂದ. ಎದುರಿಗೆ ಡಾಕ್ಟ್ರಮ್ಮನ ಕಾರು ಬಂತು. ಜೈಕಾರ ಹಾಕುತ್ತಿದ್ದವರೆಲ್ಲ ಅತ್ತ ತಿರುಗಿದರು.