ಬೆಚ್ಚಗಿದ್ದ ಬುತ್ತಿ

ಸಂಗನಬಸಪ್ಪ ಸಾಹುಕಾರರದು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು. ಮೊದಲು ಅಲ್ಲಿಯ ಮೋಟಾರುಗಳು ಕೆಲಸ ಹೆಚ್ಚಿರಲಿ ಕಡಿಮೆಯಿರಲಿ ಒಂದೇ ವೇಗದಲ್ಲಿ ತಿರುಗುತ್ತಿದ್ದವು. ಸಾಹುಕಾರರು ಒಂಬತ್ತು ಮೋಟಾರಿಗೂ ಡ್ರೈವ್ ಕೂರಿಸಿದರು. ಡ್ರೈವ್ ಎಂದರೆ ಮೋಟಾರಿಗೆ ಬೇಕಾದಷ್ಟೇ ವೇಗ ಕೊಡುವ ಪೆಟ್ಟಿಗೆ. ಕರೆಂಟು ಉಳಿಯಿತು. ಆದರೆ ಈ ಪೆಟ್ಟಿಗೆಗೆ ಒಂದು ಕೆಟ್ಟ ಚಾಳಿ. ಕರೆಂಟನ್ನು ಸಮನಾಗಿ ಎಳೆಯುವುದಿಲ್ಲ, ಹಸಿದವರ ಹಾಗೆ ಗಬಗಬ ಕಚ್ಚಿ ತಿನ್ನುತ್ತದೆ. ಆಗ ಲೈನಿನಲ್ಲಿ ಅಡ್ಡಾದಿಡ್ಡಿ ಅಲೆ ಏಳುತ್ತದೆ. ಅದೇ ಹಾರ್ಮೋನಿಕ್ಸ್. ಅದು ಹೆಚ್ಚಾದರೆ ಕೇಬಲ್ ಕಾದು ಬಿಸಿಯಾಗುತ್ತದೆ.

ಕರೆಂಟಿನ ಆಫೀಸಿನವರು ಬಂದು ಗೇಟಿನಲ್ಲಿ ಅಳೆದು ನೋಡಿದರು. ತಿಂಗಳೊಳಗೆ ಇದನ್ನು ಸರಿಮಾಡದಿದ್ದರೆ ಕನೆಕ್ಷನ್ ಕಡಿಯುತ್ತೇವೆ ಎಂದು ನೋಟಿಸ್ ಕೊಟ್ಟರು.

ಇಪ್ಪತ್ತೆರಡು ವರ್ಷದಿಂದ ಅಲ್ಲಿ ವೈರಿಂಗ್ ನೋಡಿಕೊಂಡಿದ್ದ ದಾವಲಸಾಬರು ಹೇಳಿದರು: “ಸಾಹುಕಾರ್ರ, ಒಂದೊಂದು ಡ್ರೈವಿನ ಮುಂದೂ ಈ ಅಲಿ ತಡಿಯೋ ಒಂದೊಂದು ಚೋಕ್ ಸುರುಳಿ ಹಾಕೋಣ್ರಿ. ಹೊಲಸು ಹುಟ್ಟೋ ಜಾಗದಾಗ ಕಡಿಮಿ ಆಗತೈತಿ. ನಾಕು ದಿನ ಮಿಲ್ ನಿಲ್ಲಿಸಬೇಕಾಗತೈತ್ರಿ.”

ಹತ್ತಿ ಸೀಜನ್ನಿನಲ್ಲಿ ನಾಲ್ಕು ದಿನ ಯಾರು ನಿಲ್ಲಿಸುತ್ತಾರೆ? ಪೇಟೆಯಿಂದ ಬಂದ ಮಾರಾಟಗಾರ ಬೇರೆ ದಾರಿ ತೋರಿಸಿದ. ಗೇಟಿನ ಬಳಿ ಒಂದೇ ದೊಡ್ಡ ಫಿಲ್ಟರ್, ಅರ್ಧ ದಿನದ ಕೆಲಸ. ಸಾಹುಕಾರರು ಅದನ್ನೇ ಹಾಕಿಸಿದರು. ಗೇಟಿನ ಮೀಟರಿನಲ್ಲಿ ಹಸಿರು ದೀಪ ಹತ್ತಿತು. ಆಫೀಸಿನವರು ಎಲ್ಲ ಸರಿಯಿದೆ ಎಂದು ಬರೆದುಕೊಟ್ಟ ಕಾಗದ ಕಟ್ಟು ಹಾಕಿಸಿಕೊಂಡು ಗೋಡೆ ಏರಿತು.

ದಾವಲಸಾಬರಿಗೆ ಸಮಾಧಾನವಿಲ್ಲ. “ಆ ಫಿಲ್ಟರ್ ಸುಳ್ಳಲ್ರಿ. ಆದ್ರ ಅದು ಹೊರಗ ಹೋಗೋದನ್ನಷ್ಟ ತೊಳೀತೈತಿ. ಗೇಟಿನಿಂದ ಒಳಗ ಮೊದಲಿನಂಗ ಐತಿ. ಮೋಟಾರ್ ಶೆಡ್ಡಿನ ಕೇಬಲ್ ಒಮ್ಮೆ ಮುಟ್ಟಿ ನೋಡ್ರಿ.”

“ನಿನ್ನ ಮಾತು ನಡೀಲಿಲ್ಲಂತ ಹೊಟ್ಟಿಕಿಚ್ಚೇನೋ?” ಎಂದರು ಸಾಹುಕಾರರು. ಮುಟ್ಟಿ ನೋಡಲಿಲ್ಲ.

ಮುಟ್ಟಿ ನೋಡಿದವರು ಬೇರೆ ಇದ್ದರು. ಹತ್ತಿಯ ಕಸ ಆರಿಸುವ ಫಕೀರವ್ವ ಮತ್ತವಳ ಜೊತೆಯ ಮೂವತ್ತು ಹೆಂಗಸರು ಚಳಿಗಾಲದಲ್ಲಿ ತಮ್ಮ ರೊಟ್ಟಿ ಬುತ್ತಿಗಳನ್ನು ಗೋಡೆಗುಂಟ ಹೋದ ಕೇಬಲ್ ಟ್ರೇ ಮೇಲೆ ಇಡುತ್ತಿದ್ದರು. ಡ್ರೈವ್ ಬಂದ ಮೇಲೆ ಕಂಡುಕೊಂಡ ಉಪಾಯ. ಮಧ್ಯಾಹ್ನದವರೆಗೂ ಪಲ್ಯ ಬೆಚ್ಚಗಿರುತ್ತಿತ್ತು. ದಾವಲಸಾಬರು ಬೈದು ತೆಗೆಸುತ್ತಿದ್ದರು, ಅವರು ಆಚೆ ಹೋದದ್ದೇ ಹೆಂಗಸರು ಮತ್ತೆ ಇಡುತ್ತಿದ್ದರು. ಸಾಹುಕಾರರೂ ಒಮ್ಮೆ ಕಂಡರು. “ನಿಮಗ ಪುಕ್ಕಟೆ ಒಲಿ ಸಿಕ್ಕಂಗಾತು ಬಿಡ್ರವಾ” ಎಂದು ನಕ್ಕು ಹೋದರು. ನಕ್ಕು ಹೋದರು, ನೋಡಿ.

ಒಂದು ದಿನ ಊಟದ ಹೊತ್ತಿಗೆ ಫಕೀರವ್ವ ಬುತ್ತಿಗೆ ಕೈ ಚಾಚಿದಳು. ಬಟ್ಟೆ ಹೊಗೆಯಾಡುತ್ತಿತ್ತು. ಎತ್ತಿದ್ದೇ ತಡ, ಟ್ರೇಯಲ್ಲಿ ಕೂತಿದ್ದ ಹತ್ತಿಯ ಧೂಳಿಗೆ ಭಗ್ಗನೆ ಬೆಂಕಿ ಹತ್ತಿತು. ಗೋಡೆಯುದ್ದಕ್ಕೂ ಓಡಿ ಹತ್ತಿಯ ರಾಶಿಗೆ ಹಾರಿತು. ಫಕೀರವ್ವ ಸುಟ್ಟ ಕೈಯಲ್ಲೇ ಹೆಂಗಸರನ್ನೆಲ್ಲ ಹೊರಗೆ ದಬ್ಬಿದಳು. ದಾವಲಸಾಬರು ಓಡಿ ಬಂದು ಶೆಡ್ಡಿನ ಲೈನು ತೆಗೆದರು. ಎಲ್ಲರ ಜೀವ ಉಳಿಯಿತು. ಶೆಡ್ಡು ಉಳಿಯಲಿಲ್ಲ. ಫಕೀರವ್ವನ ಬಲಗೈಯ ಎರಡು ಬೆರಳು ಮತ್ತೆಂದೂ ಮಡಚಲಿಲ್ಲ.

ಗೇಟಿನ ಬಳಿ ನಿಂತಿದ್ದ ಸಾಹುಕಾರರ ಕಣ್ಣು ಮೀಟರಿನ ಮೇಲೆ ಬಿತ್ತು. ನಂಬುತ್ತೀರಾ ಮಕ್ಕಳೇ, ಹಿಂದೆ ಶೆಡ್ಡು ಧಗಧಗ ಉರಿಯುತ್ತಿದೆ, ಮೀಟರಿನಲ್ಲಿ ಅದೇ ಹಸಿರು ದೀಪ. ಅದು ಸುಳ್ಳು ಹೇಳಿರಲಿಲ್ಲ. ಅವರು ಅದನ್ನು ಕೇಳಿದ್ದು ಗೇಟಿನ ಸುದ್ದಿ ಮಾತ್ರ.

ಈಗ ಹೊಸ ಶೆಡ್ಡು ಎದ್ದಿದೆ. ಒಂದೊಂದು ಡ್ರೈವಿಗೂ ಚೋಕ್ ಇದೆ, ಗೇಟಿನ ಫಿಲ್ಟರೂ ಇದೆ. ಗೋಡೆಯ ಮೇಲಿದ್ದ ಕಾಗದ ಮಾತ್ರ ಇಲ್ಲ. ದಿನಾ ಮಧ್ಯಾಹ್ನ ಸಾಹುಕಾರರು ಶೆಡ್ಡಿಗೆ ಬಂದು ಮೊದಲು ಕೇಬಲ್ ಟ್ರೇ ಮುಟ್ಟಿ ನೋಡುತ್ತಾರೆ, ಆಮೇಲೆ ಹೆಂಗಸರ ಪಕ್ಕ ಊಟಕ್ಕೆ ಕೂರುತ್ತಾರೆ. ಫಕೀರವ್ವ ಎಡಗೈಯಿಂದ ಗಂಟು ಬಿಚ್ಚಿ, “ರೊಟ್ಟಿ ತಣ್ಣಗಾಗ್ಯಾವ್ರಿ ಸಾಹುಕಾರ್ರ” ಅನ್ನುತ್ತಾಳೆ.

“ತಣ್ಣಗ ಇರಲಿ ಬಿಡವ್ವಾ” ಎಂದು ಅವರು ತಲೆ ತಗ್ಗಿಸಿ ತಿನ್ನುತ್ತಾರೆ.

ನೀತಿ: ನೋಡಲು ಬಂದವರು ನಿಲ್ಲುವ ಬಾಗಿಲನ್ನಷ್ಟೇ ತೊಳೆದರೆ ಸಾಲದು, ಕೊಳೆಯನ್ನು ಅದು ಹುಟ್ಟುವ ಜಾಗದಲ್ಲೇ ತಡೆಯಬೇಕು. ಒಳಗೆ ದುಡಿಯುವವರಿಗೆ ತಟ್ಟುವ ಬಿಸಿಯನ್ನು ನಾವೇ ಕೈಯಿಟ್ಟು ನೋಡಬೇಕು.